ಮರಳಲ್ಲಿ ಹೂತ ಊರು, ಮರಳು ಹೊತ್ತ ಜನ

ಮರಳು ನುಂಗಿದ ಎರಡು ಊರುಗಳ ಬಗ್ಗೆ ನಾವಿಲ್ಲಿ ಮಾತಾಡಬೇಕೆಂದಿದ್ದೇವೆ. ಒಂದು ತಲಕಾಡು. ಮೈಸೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಬಿಸಿಲೇರುವ ಹೊತ್ತಿಗೆ ಮುಟ್ಟುವಷ್ಟು ಹತ್ತಿರ. ಇನ್ನೊಂದು ತಿಮ್ಗಾದ್. ಅದು ಉತ್ತರ ಆಫ್ರಿಕಾದ ಅಲ್ಜೀರಿಯಾ ದೇಶದಲ್ಲಿದೆ. ತಲಕಾಡಿಗೆ ಹೋಗಿ ಬಂದಿದ್ದೇವೆ. ತಿಮ್ಗಾದಿಗೆ ಹೋಗಿಲ್ಲ, ಹೋಗುವಷ್ಟು ಕಾಸೂ ನಮ್ಮ ಹತ್ತಿರ ಇಲ್ಲ. ದುಡ್ಡಿರುವವರು ಕೂಡ ಈಜಿಪ್ಟಿನ ಪಿರಮಿಡ್ಡು, ಮೊರಾಕ್ಕೋದ ಪೇಟೆ ಅಂತ ಹೋಗುತ್ತಾರೆಯೇ ಹೊರತು ಅಲ್ಜೀರಿಯಾದ ಕಡೆ ತಲೆ ಹಾಕುವುದು ಕಮ್ಮಿ. ಆದರೂ ತಲಕಾಡಿನ ಮರಳ ಮೇಲೆ ನಿಂತಾಗ ನಮಗೆ, ಪುಸ್ತಕದಲ್ಲಿ ಮಾತ್ರ ಕಂಡಿದ್ದ ಆ ಊರು ನೆನಪಾಯಿತು. ಯಾಕೆ ಅನ್ನುವುದನ್ನು ಹೇಳಬೇಕು.

ಈಚೆಗೆ ನಾವು ಏಳೆಂಟು ಜನ ತಲಕಾಡಿಗೆ ಹೊರಟೆವು. ಇಬ್ಬರು ಹಳ್ಳಿ ಮೇಷ್ಟ್ರುಗಳು, ಒಬ್ಬರು ಸಂಘಟನೆಯ ಗೆಳೆಯರು, ಉಳಿದವರು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗರು. ಗಂಗರ ರಾಜಧಾನಿಯನ್ನು ಕಣ್ಣಾರೆ ನೋಡಿ ಬರೋಣ ಅಂತ ಅಷ್ಟೆ. ಅಲ್ಲಿ ಗುಡಿಯಿಂದ ಗುಡಿಗೆ ಮರಳಲ್ಲಿ ಕಾಲು ಹೂತುಕೊಂಡು ನಡೆಯುತ್ತಿರುವಾಗ ಮೇಷ್ಟ್ರು ಹೇಳುತ್ತಾ ಹೋದರು: ಇಲ್ಲಿ ಅರಮನೆ ಇದ್ದಿರಬಹುದು, ಇಲ್ಲಿ ಕೋಟೆ, ಇಲ್ಲಿ ಅಗ್ರಹಾರ. ಹಿಂದೆ ಬರುತ್ತಿದ್ದ ಹುಡುಗನೊಬ್ಬ ನಿಂತುಬಿಟ್ಟ. "ಸಾ, ರಾಜ ಇಲ್ಲಿದ್ದ ಅಂತೀರ, ದೇವ್ರು ಇಲ್ಲಿತ್ತು ಅಂತೀರ, ಅಯ್ನೋರ್ ಬೀದಿ ಇಲ್ಲಿತ್ತು ಅಂತೀರ. ನಮ್ಮೋರ ಕೇರಿ ಎಲ್ಲಿತ್ತು ಸಾ?"

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ. ನಾವೆಲ್ಲ ಓದಿದ ಇತಿಹಾಸದ ಪುಸ್ತಕದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಈ ಬರಹ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

*

ಮೊದಲು ದಾರಿಯಿಂದಲೇ ಶುರು ಮಾಡೋಣ. ಮೈಸೂರಿನಿಂದ ತಲಕಾಡಿಗೆ ಹೋಗುವಾಗ ತಿರುಮಕೂಡಲು ನರಸೀಪುರ ಸಿಗುತ್ತದೆ. ಕಾವೇರಿಗೆ ಕಪಿಲೆ ಬಂದು ಸೇರುವ ಜಾಗ. ಜನ ಅಲ್ಲಿ ಇಳಿದು ಸಂಗಮದಲ್ಲಿ ಮುಳುಗು ಹಾಕಿ ನರಸಿಂಹಸ್ವಾಮಿಗೆ ಕೈಮುಗಿದು ಹೋಗುತ್ತಾರೆ. ಆದರೆ ಅದೇ ಹೊಳೆ ದಂಡೆಯಲ್ಲಿ ದೇವಸ್ಥಾನಕ್ಕಿಂತ ಎಷ್ಟೋ ಹಳೆಯದಾದ ಒಂದು ಊರಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಅಲ್ಲಿ ಅಗೆಸಿದಾಗ ಸಿಕ್ಕಿದ್ದು ಹೊಸ ಶಿಲಾಯುಗದ ಜನರ ಕಲ್ಲಿನ ಕೊಡಲಿ, ಮಣ್ಣಿನ ಮಡಕೆ ಕುಡಿಕೆ, ಹೂಳಿದ ಹೆಣಗಳು. ಏನಿಲ್ಲವೆಂದರೂ ಮೂರು ಸಾವಿರ ವರ್ಷಕ್ಕಿಂತ ಹಿಂದಿನವು. ಅವುಗಳ ಜತೆ ಸುಟ್ಟ ಮಣ್ಣಿನ ತಲೆದಿಂಬು ಕೂಡ ಸಿಕ್ಕಿತು. ತಲೆಯೂರಿ ಮಲಗಲಿಕ್ಕೆ ಮಾಡಿದ್ದು. ಇಂಥವೇ ತಲೆದಿಂಬುಗಳು ಉತ್ತರ ಆಫ್ರಿಕಾದ ಈಜಿಪ್ಟಿನಲ್ಲೂ ಬಳಕೆಯಲ್ಲಿದ್ದವು. ಅಲ್ಲಿಯ ರಾಜರ ಗೋರಿಗಳಲ್ಲೂ ಸಿಕ್ಕಿವೆ.

ಇದರಿಂದ ನಾವು ಅಲ್ಲಿಂದ ಬಂದೆವು, ಅವರು ಇಲ್ಲಿಂದ ಹೋದರು ಅಂತ ಹೇಳುವ ಅವಸರ ನಮಗಿಲ್ಲ. ದಣಿದ ತಲೆಗೆ ಆಸರೆ ಬೇಕು ಅನ್ನುವುದು ನೈಲ್ ದಂಡೆಯ ಮನುಷ್ಯನಿಗೂ ಕಾವೇರಿ ದಂಡೆಯ ಮನುಷ್ಯನಿಗೂ ಒಂದೇ. ನಾವು ಹೇಳಬೇಕಾದ್ದು ಬೇರೆ. ಈ ಕಣಿವೆಯ ಚರಿತ್ರೆ ಗಂಗರಿಂದ ಶುರುವಾಗುವುದಿಲ್ಲ. ರಾಜ, ಪುರೋಹಿತ, ದತ್ತಿ, ಶಾಸನ ಇವು ಯಾವುವೂ ಕಾಣಿಸಿಕೊಳ್ಳುವ ಎಷ್ಟೋ ಮುಂಚೆ ಇಲ್ಲಿ ದನ ಮೇಯಿಸಿದವರಿದ್ದರು, ಬೆಳೆ ಬೆಳೆದವರಿದ್ದರು, ಮಣ್ಣು ಕಲಸಿ ಮಡಕೆ ಮಾಡಿದವರಿದ್ದರು. ನಮ್ಮ ಮಕ್ಕಳಿಗೆ ಚರಿತ್ರೆಯ ಮೊದಲ ಪಾಠ ಅಲ್ಲಿಂದ ಆಗಬೇಕು.

*

ಈಗ ತಲಕಾಡು. ಗಂಗರು ಮೊದಲು ಕೋಲಾರದಲ್ಲಿದ್ದು ಆಮೇಲೆ ತಲಕಾಡಿಗೆ ಬಂದರು. ಆಗ ಇದರ ಹೆಸರು ತಳವನಪುರ. ಹನ್ನೊಂದನೆಯ ಶತಮಾನ ಶುರುವಾಗುತ್ತಿದ್ದಂತೆ, 1004ರ ಸುಮಾರಿಗೆ ಚೋಳರು ಬಂದು ಹಿಡಿದು ರಾಜರಾಜಪುರ ಅಂತ ತಮ್ಮ ದೊರೆಯ ಹೆಸರಿಟ್ಟರು. ನೂರು ವರ್ಷ ದಾಟಿದ ಮೇಲೆ 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ಕಿತ್ತುಕೊಂಡ. ತಲಕಾಡುಗೊಂಡ ಅಂತ ಬಿರುದು ಹೊತ್ತ, ಗೆದ್ದ ಗುರುತಿಗೆ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಆಮೇಲೆ ವಿಜಯನಗರ, ಅದರ ಕೆಳಗೆ ಶ್ರೀರಂಗಪಟ್ಟಣದ ಅಧಿಕಾರಿಗಳು, ಕೊನೆಗೆ ಮೈಸೂರಿನ ಒಡೆಯರು. ಬಂದವರೆಲ್ಲ ಊರಿನ ಹೆಸರು ಬದಲಿಸಿದರು, ದೇವರು ಬದಲಿಸಿದರು, ಬಿರುದು ಬದಲಿಸಿಕೊಂಡರು. ಗದ್ದೆಯಲ್ಲಿ ಬಗ್ಗಿದವರ ಬೆನ್ನು ಮಾತ್ರ ಬದಲಾಗಲಿಲ್ಲ.

ಈ ಊರನ್ನು ಮರಳು ಮುಚ್ಚಿದ್ದು ಹೇಗೆ? ಮೈಸೂರು ಸೀಮೆಯಲ್ಲಿ ಯಾರನ್ನು ಕೇಳಿದರೂ ಅಲಮೇಲಮ್ಮನ ಕತೆ ಹೇಳುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಅಲ್ಲಿ ಆಳುತ್ತಿದ್ದ ತಿರುಮಲರಾಜನ ಹೆಂಡತಿ ಅಲಮೇಲಮ್ಮ ತಲಕಾಡಿನ ಕಡೆ ಬಂದಿದ್ದಳು. ಅವಳ ಒಡವೆಗೆ ಸೈನಿಕರು ಬೆನ್ನುಹತ್ತಿದಾಗ ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗೆ ಮಕ್ಕಳಿಲ್ಲದ ಬಾಳು ಅಂತ ಶಾಪ ಹಾಕಿ ಹೊಳೆಗೆ ಹಾರಿದಳಂತೆ. ಆ ಭಯಕ್ಕೋ ಪಶ್ಚಾತ್ತಾಪಕ್ಕೋ ಮೈಸೂರಿನ ಅರಮನೆಯಲ್ಲಿ ಅವಳ ಮೂರ್ತಿಗೆ ಪೂಜೆ ನಡೆಯುವ ಪದ್ಧತಿ ಬಂದಿದೆ.

ನೊಂದ ಹೆಂಗಸಿನ ಶಾಪವನ್ನು ಹಗುರ ಮಾಡುವವರು ನಾವಲ್ಲ. ದೊರೆಯ ದಂಡಿನೆದುರು ಕೈಯಲ್ಲಿ ಏನೂ ಇಲ್ಲದವಳಿಗೆ ಉಳಿದ ಆಯುಧ ಮಾತು ಒಂದೇ. ಆದರೆ ಮರಳು ಶಾಪದ ಮಾತು ಕೇಳಿ ಬರುವುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ. ಕಾಲುವೆಯಲ್ಲಿ ನೀರು ಹರಿದು ಗದ್ದೆಗಳಾದವು. ಇತ್ತ ಹೊಳೆ ತಿರುಗುವ ಜಾಗದಲ್ಲಿ ನೀರು ಕಮ್ಮಿಯಾಗಿ ತಳದ ಮರಳು ಬಯಲಾಯಿತು. ಮುಂಗಾರು ಗಾಳಿ ಅದನ್ನು ಎತ್ತಿ ತಂದು ಊರ ಮೇಲೆ ಸುರಿಯಿತು ಅಂತ ವಿದ್ವಾಂಸರು ವಿವರಿಸುತ್ತಾರೆ. ಭೂಮಿಯ ಒಳಪದರಗಳ ಕದಲಿಕೆಯೂ ಹೊಳೆಯ ದಿಕ್ಕನ್ನು ತಿರುಗಿಸಿರಬಹುದು ಅನ್ನುವ ಭೂವಿಜ್ಞಾನಿಗಳೂ ಇದ್ದಾರೆ.

ಬಿ. ಎಲ್. ರೈಸ್ ಅವರ ಗೆಜೆಟಿಯರು ಇನ್ನೊಂದು ಸಂಗತಿ ಹೇಳುತ್ತದೆ. ಮರಳ ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನ ಮೇಲೆ ಬರುತ್ತಿದ್ದವು. ಮೂರು ಕಡೆಯಿಂದ ಒತ್ತುತ್ತಿದ್ದ ಮರಳಿಗೆ ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು. ಹಾಗಿದ್ದೂ ಕಟ್ಟೆ ನೀರಿನ ಗದ್ದೆಯಿಂದ ಊರಿನ ಜನಸಂಖ್ಯೆ ಹೆಚ್ಚುತ್ತಲೇ ಇತ್ತು. ಇದು ಯೋಚಿಸಬೇಕಾದ ಮಾತು. ಶಾಪದ ಕತೆಯಲ್ಲಿ ರಾಣಿ ಇದ್ದಾಳೆ, ದೊರೆ ಇದ್ದಾನೆ, ದೊರೆಯ ವಂಶದ ಸಂಕಟ ಇದೆ. ವರ್ಷ ವರ್ಷವೂ ಮನೆಯ ಗಳು ಕಿತ್ತು, ಪಾತ್ರೆ ಪಡಗ ಹೊತ್ತು, ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಹತ್ತು ಅಡಿ ಆಚೆಗೆ ಹೊಸ ಗುಡಿಸಲು ಹಾಕಿಕೊಂಡವರು ಇಲ್ಲ. ಕಟ್ಟೆಗೆ ಕಲ್ಲು ಹೊತ್ತವರೂ ಇಲ್ಲ. ನಾನೂರು ವರ್ಷದಿಂದ ನಾವು ದೊರೆಮನೆಯ ಮಕ್ಕಳಿಲ್ಲದ ದುಃಖವನ್ನೇ ಹೇಳಿಕೊಂಡು ಮರುಗುತ್ತಿದ್ದೇವೆ.

ಈ ಊರಿಗೆ ಇನ್ನೊಂದು ಕತೆಯಿದೆ. ಅದು ಪಠ್ಯಪುಸ್ತಕದಲ್ಲಿ ಬರುವುದು ಕಮ್ಮಿ. ತಲ ಮತ್ತು ಕಾಡ ಅಂತ ಇಬ್ಬರು ಬೇಡರ ಅಣ್ಣತಮ್ಮಂದಿರು. ಕಾಡಾನೆಗಳು ಒಂದು ಮರಕ್ಕೆ ಪೂಜೆ ಮಾಡುತ್ತಿದ್ದುದನ್ನು ಕಂಡು ಆ ಮರಕ್ಕೆ ಕೊಡಲಿ ಹಾಕಿದರು. ಮರದೊಳಗೆ ಶಿವನಿದ್ದ. ರಕ್ತ ಹರಿಯಿತು. ಗಾಯಕ್ಕೆ ಮದ್ದು ಮಾಡಿದವರೂ ಅವರೇ. ತನಗೆ ತಾನೇ ಮದ್ದು ತೋರಿಸಿದ ಶಿವ ವೈದ್ಯೇಶ್ವರನಾದ, ಅಣ್ಣತಮ್ಮಂದಿರ ಹೆಸರು ಊರಿಗೆ ನಿಂತಿತು. ವೀರಭದ್ರನ ಗುಡಿಯ ಮುಂದೆ ಎರಡು ಕಲ್ಲಿನ ಮೂರ್ತಿಗಳನ್ನು ತೋರಿಸಿ ಇವರೇ ತಲ-ಕಾಡ ಅನ್ನುತ್ತಾರೆ. ಪುರಾಣವನ್ನು ನಾವು ಚರಿತ್ರೆ ಅನ್ನುವುದಿಲ್ಲ. ಆದರೆ ಒಂದನ್ನು ಗಮನಿಸಿ. ತಳವನಪುರ ಅಂದ ಗಂಗರ ಹೆಸರು ಹೋಯಿತು. ರಾಜರಾಜಪುರ ಅಂದ ಚೋಳರ ಹೆಸರು ಹೋಯಿತು. ಜನರ ಬಾಯಲ್ಲಿ ಉಳಿದದ್ದು ಇಬ್ಬರು ಬೇಡರ ಹೆಸರು. ಹೆಸರು ಊರಿಗೆ ಕೊಟ್ಟವರು ಗುಡಿಯ ಹೊರಗೆ ಕಲ್ಲಾಗಿ ನಿಂತರು. ಒಳಗಿನ ಗಂಟೆ ಬಾರಿಸುವ ಹಕ್ಕು ಯಾರದಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

*

ಇಲ್ಲಿಯೇ ನಮಗೆ ತಿಮ್ಗಾದ್ ನೆನಪಾದದ್ದು. ಮರಳು ಮುಚ್ಚಿದ ಊರನ್ನು ಅಗೆಸುವವರು ಅದರಿಂದ ಏನು ಮಾತು ಹೊರಡಿಸುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಗೊತ್ತಿಲ್ಲ.

ಅಲ್ಜೀರಿಯಾದ ಪೂರ್ವಕ್ಕೆ ಔರೆಸ್ ಅನ್ನುವ ಬೆಟ್ಟಸಾಲು ಇದೆ. ಅದರ ಬುಡದಲ್ಲಿ ಕ್ರಿ.ಶ. 100ರಲ್ಲಿ ರೋಮಿನ ಚಕ್ರವರ್ತಿ ಟ್ರಾಜನ್ ಒಂದು ಊರು ಕಟ್ಟಿಸಿದ. ಸೈನ್ಯದಿಂದ ನಿವೃತ್ತರಾದ ಸಿಪಾಯಿಗಳಿಗೆ ಅಳೆದು ಹಂಚಿದ ನಿವೇಶನಗಳು, ಚದುರಂಗದ ಹಾಸಿನ ಹಾಗೆ ನೇರಾನೇರ ಬೀದಿಗಳು, ನಾಟಕಶಾಲೆ, ಪುಸ್ತಕ ಭಂಡಾರ, ಹದಿನಾಲ್ಕು ಸ್ನಾನಗೃಹ. ಸಿಪಾಯಿಗೆ ಅದು ಇನಾಮು. ರೋಮಿಗೆ ಅದು ಬೆಟ್ಟದ ಜನರ ಮೇಲೆ ಇಟ್ಟ ಕಾವಲು. ಬೆಟ್ಟದ ಜನ ಅಂದರೆ ಆ ನೆಲದ ಮೂಲದವರು. ಅವರನ್ನು ಹೊರಗಿನವರು ಬರ್ಬರ್ ಅಂತ ಕರೆದರು. ಬರ್ಬರ ಅಂದರೆ ನಮ್ಮ ಕನ್ನಡದಲ್ಲೂ ಏನರ್ಥ ಅನ್ನುವುದು ನಿಮಗೆ ಗೊತ್ತು. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗ್ ಅಂತ. ಸ್ವತಂತ್ರರು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಒಂದು ಜನಕ್ಕೆ ಮೇಲಿನವರು ಇಟ್ಟ ಹೆಸರು ಬೈಗುಳವಾಗುವುದು ನಮ್ಮಲ್ಲಿ ಮಾತ್ರ ಅಲ್ಲ.

ತಿಮ್ಗಾದಿನ ಚೌಕದ ಕಲ್ಲಹಾಸಿನ ಮೇಲೆ ಆಟದ ಮನೆಯೊಂದನ್ನು ಕೆತ್ತಿದ್ದಾರೆ. ಬೇಟೆಯಾಡುವುದು, ಮೀಯುವುದು, ಆಡುವುದು, ನಗುವುದು, ಬದುಕು ಅಂದರೆ ಇದೇ ಅನ್ನುವ ಅರ್ಥದ ಬರಹ ಅದರಲ್ಲಿದೆ. ಜಗತ್ತಿನ ಪ್ರವಾಸಿಗರು ಅದನ್ನು ಓದಿ ಆಹಾ ಅಂತಾರೆ. ನಮಗೆ ಬೇರೆ ಯೋಚನೆ ಬರುತ್ತದೆ. ಹದಿನಾಲ್ಕು ಸ್ನಾನಗೃಹಕ್ಕೆ ನೀರು ಕಾಯಿಸಲು ಸೌದೆ ಕಡಿದವರು ಯಾರು? ಒಲೆಯ ಬೂದಿ ಬಾಚಿದವರು ಯಾರು? ರೋಮಿನ ಲೋಕ ಗುಲಾಮರ ದುಡಿಮೆಯ ಮೇಲೆ ನಿಂತ ಲೋಕ. ಕುಡಿಯುವ ನೀರು ಮುಟ್ಟುವ ಹಕ್ಕಿಗೆ ಬಾಬಾಸಾಹೇಬರು 1927ರ ಮಾರ್ಚಿಯಲ್ಲಿ ಮಹಾಡಿನ ಚೌದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಇಳಿಯಬೇಕಾಯಿತು. ಆ ಚರಿತ್ರೆಯಿಂದ ಬಂದವರು ನಾವು. ಸ್ನಾನಗೃಹ ಕಂಡರೆ ಸಾಕು, ನೀರು ಹೊತ್ತವನನ್ನು ಹುಡುಕುತ್ತೇವೆ.

ಶತಮಾನಗಳು ಕಳೆದು ಊರು ಪಾಳುಬಿತ್ತು, ಮರಳು ಮುಚ್ಚಿತು. 1765ರಲ್ಲಿ ಜೇಮ್ಸ್ ಬ್ರೂಸ್ ಅನ್ನುವ ಸ್ಕಾಟ್ಲೆಂಡಿನ ಪ್ರವಾಸಿ ಅದನ್ನು ಕಂಡು ಬರೆದ. 1830ರಲ್ಲಿ ಫ್ರೆಂಚರು ಅಲ್ಜೀರಿಯಾಕ್ಕೆ ದಂಡೆತ್ತಿ ಬಂದರು. 1881ರಿಂದ ತಿಮ್ಗಾದನ್ನು ಅಗೆಸತೊಡಗಿದರು. ಸಿಕ್ಕಿದ ಕಲ್ಲಿನಿಂದ ಅವರು ಹೊರಡಿಸಿದ ಮಾತು ಇದು: ಈ ನೆಲ ಒಂದು ಕಾಲಕ್ಕೆ ರೋಮಿನದು. ನಾವು ರೋಮಿನ ವಾರಸುದಾರರು. ಅರಬರು, ಬರ್ಬರರು ನಡುವೆ ಬಂದು ಈ ಬಂಗಾರದಂಥ ನೆಲವನ್ನು ಹಾಳುಗೆಡವಿದರು. ಆದ್ದರಿಂದ ನಾವು ಬಂದದ್ದು ಆಕ್ರಮಣ ಅಲ್ಲ, ನಮ್ಮ ಮನೆಗೆ ನಾವು ವಾಪಸಾದದ್ದು! ಅಲ್ಲೇ ಹತ್ತಿರ ಲಂಬೇಸ್ ಅನ್ನುವ ಕಡೆ ರೋಮಿನ ದಂಡಿನ ಪಾಳೆಯ ಇತ್ತು. ಆ ಪುರಾತನ ಜಾಗದ ಮೇಲೆಯೇ ಫ್ರೆಂಚರು ಜೈಲು ಕಟ್ಟಿದರು. ಹಾಳುಬೀಡಿನ ಮೇಲೆ ಅವರಿಗಿದ್ದ ಪ್ರೀತಿ ಎಂಥದು ಅನ್ನುವುದಕ್ಕೆ ಅದೊಂದೇ ಸಾಕ್ಷಿ ಸಾಕು.

ನೆಲದ ಮಕ್ಕಳು ಆ ಮಾತನ್ನು ನಂಬಲಿಲ್ಲ. 1945ರ ಮೇ 8ರಂದು ಯೂರೋಪು ಹಿಟ್ಲರನನ್ನು ಗೆದ್ದ ಹಬ್ಬ ಮಾಡುತ್ತಿದ್ದಾಗ ಸೆಟಿಫ್ ಪಟ್ಟಣದಲ್ಲಿ ನಮಗೂ ಸ್ವಾತಂತ್ರ್ಯ ಕೊಡಿ ಅಂತ ಬೀದಿಗಿಳಿದವರ ಮೇಲೆ ಗುಂಡು ಹಾರಿತು. ಆ ಪಟ್ಟಣವೂ ರೋಮಿನವರ ಹಳೆಯ ವಸಾಹತೇ. ಮುಂದಿನ ವಾರಗಳಲ್ಲಿ ಸುತ್ತಿನ ಸೀಮೆಯಲ್ಲಿ ಸಾವಿರಾರು ಜನರನ್ನು ಕೊಂದರು. 1954ರ ನವೆಂಬರ್ 1ರಂದು ವಿಮೋಚನಾ ಯುದ್ಧ ಶುರುವಾದಾಗ ಅದರ ಕಾವು ಹೆಚ್ಚಾಗಿದ್ದದ್ದು ಔರೆಸ್ ಬೆಟ್ಟಗಳಲ್ಲಿ. ರೋಮು ಯಾವ ಬೆಟ್ಟದ ಮೇಲೆ ಕಾವಲಿಟ್ಟಿತ್ತೋ ಅದೇ ಬೆಟ್ಟ. ಲಕ್ಷಾಂತರ ಜೀವ ತೆತ್ತು 1962ರ ಜುಲೈ 5ರಂದು ಅವರು ಸ್ವತಂತ್ರರಾದರು. 1982ರಲ್ಲಿ ತಿಮ್ಗಾದ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗ ಅದು ಅಲ್ಜೀರಿಯಾದವರ ಸ್ವತ್ತು. ಕಲ್ಲು ಅವೇ. ಆದರೆ ರೋಮಿನ ವಾರಸುದಾರರು ನಾವು ಅಂತ ಆ ಕಲ್ಲನ್ನು ತೋರಿಸಿ ಯಜಮಾನಿಕೆ ಮಾಡುವವರು ಹೋದರು.

ಹಾಳುಬೀಡು ತಾನಾಗಿ ಮಾತಾಡುವುದಿಲ್ಲ. ಯಾರು ಅಗೆಸುತ್ತಾರೋ, ಯಾರು ಫಲಕ ಬರೆಸುತ್ತಾರೋ ಅವರ ಮಾತನ್ನು ಆಡುತ್ತದೆ. ಇದು ತಿಮ್ಗಾದಿನಿಂದ ನಾವು ಕಲಿತದ್ದು. ಇನ್ನು ತಲಕಾಡಿಗೆ ವಾಪಸು ಬರೋಣ.

*

ಇಲ್ಲಿ ರಾಜ್ಯದ ಪುರಾತತ್ವ ಇಲಾಖೆ 1992-93ರಲ್ಲಿ ಉತ್ಖನನ ನಡೆಸಿತು. ಅದು ಒಳ್ಳೆ ಕೆಲಸವೇ. ಪಂಚಲಿಂಗ ದರ್ಶನ ಬಂದಾಗ, ಅಂದರೆ 2006, 2009, 2013, 2020ರಲ್ಲಿ ಆದ ಹಾಗೆ, ಸರ್ಕಾರವೇ ನಿಂತು ಮರಳು ತೆಗೆಸಿ ದಾರಿ ಮಾಡಿಸುತ್ತದೆ. ಯಾವ ಕಾಲದಲ್ಲಾದರೂ ಮರಳ ಬುಟ್ಟಿ ಹೊತ್ತವರು ಕೂಲಿಗಳು. ಪೇಪರಿನಲ್ಲಿ ಸುದ್ದಿಯಾಗುವುದು ಲಿಂಗ, ಗೋಪುರ, ಭಕ್ತರ ಸಾಲು. ಒಂದು ವಿಗ್ರಹ ಸಿಕ್ಕರೆ ಊರೆಲ್ಲ ಡಂಗುರ. ಒಂದು ಒಲೆಗುಂಡು ಸಿಕ್ಕರೆ ಯಾರಿಗೆ ಬೇಕು?

ಹಾಗಾದರೆ ಕೇರಿ ಎಲ್ಲಿ? ಈಗ ಆ ಹುಡುಗನ ಪ್ರಶ್ನೆಗೆ ನೇರವಾಗಿ ಬರಬೇಕು. ಅಗೆದರೂ ಕೇರಿ ಸಿಗುವುದು ಕಷ್ಟ, ತಮ್ಮ. ಕಲ್ಲಿನಲ್ಲಿ ಕಟ್ಟಿದ್ದು ಬಿದ್ದರೆ ಹಾಳುಬೀಡಾಗುತ್ತದೆ. ನೋಡಲು ಜನ ಬರುತ್ತಾರೆ. ಮಣ್ಣು ಹುಲ್ಲಿನಲ್ಲಿ ಕಟ್ಟಿದ್ದು ಬಿದ್ದರೆ ಮಣ್ಣಾಗುತ್ತದೆ, ಅಷ್ಟೆ. ನಮ್ಮವರು ಕಲ್ಲು ಸೀಳಿದರು, ಕಲ್ಲು ಸಾಗಿಸಿದರು. ಕಲ್ಲಿನ ಮನೆಯಲ್ಲಿ ಮಲಗಲಿಲ್ಲ. ಹಾಳಾಗಿ ಉಳಿಯುವುದಕ್ಕೂ ಒಂದು ಅಂತಸ್ತು ಬೇಕಾಗಿತ್ತು.

ಕಲ್ಲಿನಲ್ಲಿ ಇಲ್ಲದಿದ್ದರೆ ಬರಹದಲ್ಲಿ ಇರಬಹುದೇ ಅಂತ ನೋಡಿದೆವು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಗಂಗರ ಕಾಲದ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. 949-50ರ ಶಾಸನ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಅನ್ನುವ ವೀರ ತನ್ನ ಒಡೆಯನಲ್ಲಿ ಕಾಳಿ ಅನ್ನುವ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು; ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಪಾಪದ ಪ್ರಾಣಿ, ನಿಯತ್ತಿನಿಂದ ಸತ್ತಿತು, ಅದರ ಹೆಸರು ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಆ ಕಲ್ಲನ್ನು ಹೊತ್ತು ತಂದು ನೆಟ್ಟವನಿಗೆ ಹೆಸರಿಲ್ಲ. ಪೂಜೆಗೆ ಬಿಟ್ಟ ಭೂಮಿಯನ್ನು ಉತ್ತವನಿಗೆ ಹೆಸರಿಲ್ಲ.

ವಾಪಸು ಬರುವಾಗ ಬನ್ನೂರಿನ ದಾರಿಯಲ್ಲಿ ಸೋಮನಾಥಪುರ ನೋಡಿದೆವು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಬೇಲೂರು, ಹಳೇಬೀಡಿನ ಜತೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ವಿಗ್ರಹಗಳ ಕೆಳಗೆ ಇದೆ. ಉಳಿಯ ಕೈಗೆ ಅಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ ಅಂತ ಸಂತೋಷವಾಯಿತು. ಬಂಡೆ ಒಡೆದ, ಗಾಡಿ ಹೊಡೆದ, ಪಾಯ ತೋಡಿದ ಕೈಯ ಹೆಸರನ್ನು ನಾವು ಹುಡುಕಿದೆವು. ರಾಜನ ಹೆಸರಿದೆ, ದಂಡನಾಯಕನ ಹೆಸರಿದೆ, ಶಿಲ್ಪಿಯ ಹೆಸರಿದೆ. ಅಲ್ಲಿಗೆ ಹೆಸರಿನ ಸಾಲು ಮುಗಿಯುತ್ತದೆ.

ಆದರೂ ನಾವು ಪೂರ್ತಿ ಬರಿಗೈಯಲ್ಲಿ ಬರಲಿಲ್ಲ. ಗಂಗರ ತಾಮ್ರಪಟಗಳನ್ನು ಓದುವ ಮೇಷ್ಟ್ರೊಬ್ಬರು ನಮಗೊಂದು ವಿಷಯ ತೋರಿಸಿಕೊಟ್ಟರು. ಇವುಗಳಲ್ಲಿ ಕೆಲವು ಆಮೇಲಿನವರು ಹುಟ್ಟಿಸಿದ ಸುಳ್ಳು ಪಟಗಳು ಅಂತ ಫ್ಲೀಟ್ ಅವರ ಕಾಲದಿಂದಲೂ ವಿದ್ವಾಂಸರು ತೋರಿಸಿದ್ದಾರೆ. ತಾಮ್ರವೂ ಸುಳ್ಳು ಹೇಳುತ್ತದೆ ಅನ್ನುವುದು ನೆನಪಿರಲಿ. ಆದರೆ ಹಲವು ಪಟಗಳ ರೀತಿ ಹೀಗಿದೆ. ರಾಜನ ವಂಶ, ಶೌರ್ಯ, ದಾನ ಪಡೆದ ಬ್ರಾಹ್ಮಣನ ಗೋತ್ರ ಎಲ್ಲ ಸಂಸ್ಕೃತದಲ್ಲಿ. ಕೊಟ್ಟ ಭೂಮಿಯ ಎಲ್ಲೆ ಹೇಳುವ ಹೊತ್ತಿಗೆ ಭಾಷೆ ಕನ್ನಡಕ್ಕೆ ಇಳಿಯುತ್ತದೆ. ಮೂಡಲಿಗೆ ಆ ಹುತ್ತ, ತೆಂಕಲಿಗೆ ಆ ಮರ, ಪಡುವಲಿಗೆ ಆ ಕೆರೆಯ ಕೋಡಿ ಅನ್ನುವ ರೀತಿ. ಯಾಕೆ? ಹುತ್ತ ಎಲ್ಲಿದೆ, ಮರ ಯಾವುದು ಅನ್ನುವುದು ಸಂಸ್ಕೃತಕ್ಕೆ ಗೊತ್ತಿರಲಿಲ್ಲ. ನೆಲದ ಮೇಲೆ ಬರಿಗಾಲಲ್ಲಿ ನಡೆದವರಿಗೆ ಗೊತ್ತಿತ್ತು. ಅವರು ಹೇಳಿದ್ದನ್ನು ಬರೆದುಕೊಳ್ಳಲೇಬೇಕಾಯಿತು.

ಅವರು ಯಾರು? ಹಳೆ ಮೈಸೂರಿನ ಹಳ್ಳಿಗಳಲ್ಲಿ ಎಲ್ಲೆ ಬಲ್ಲವನು ಕುಳವಾಡಿ. ಹೊಲಗೇರಿಯವನು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಇದನ್ನು ಆಶ್ಚರ್ಯದಿಂದ ಬರೆದಿಟ್ಟಿದ್ದಾರೆ. ಎರಡು ಊರುಗಳಿಗೆ ಗಡಿಯ ಜಗಳ ಬಂದರೆ ಗೌಡ, ಶಾನುಭೋಗರ ಮಾತು ಕೊನೆಯದಲ್ಲ. ಕುಳವಾಡಿ ತನ್ನ ಊರಿನ ಮಣ್ಣನ್ನು ಉಂಡೆ ಮಾಡಿ ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ತಪ್ಪಿ ನಡೆದರೆ ಉಂಡೆ ಒಡೆದು ಅವನಿಗೇ ಕೇಡು ಅಂತ ನಂಬಿಕೆ. ಇವರೇ ಈ ನೆಲದ ಮೊದಲ ಒಡೆಯರು ಅನ್ನುವುದಕ್ಕೆ ಇದು ಕುರುಹಾಗಿರಬಹುದು ಅಂತ ಆ ಅಧಿಕಾರಿಗಳಲ್ಲೇ ಕೆಲವರು ಊಹಿಸಿದರು. ಮೇಲುಕೋಟೆ, ಬೇಲೂರಿನ ಗುಡಿಗಳಲ್ಲಿ ವರ್ಷಕ್ಕೆ ಮೂರು ದಿನ ಮಾತ್ರ ನಮ್ಮವರಿಗೆ ಪ್ರವೇಶವಿತ್ತು ಅಂತಲೂ ಅದೇ ಬರಹಗಳಲ್ಲಿದೆ. ಮುನ್ನೂರ ಅರವತ್ತೆರಡು ದಿನ ಹೊರಗೆ, ಮೂರು ದಿನ ಒಳಗೆ. ಅದನ್ನೇ ಔದಾರ್ಯ ಅಂತ ಶತಮಾನಗಟ್ಟಲೆ ಕೊಂಡಾಡಿದರು.

ಹುಡುಗನಿಗೆ ನಾವು ಕೊಡಬಹುದಾದ ಉತ್ತರ ಇಲ್ಲಿದೆ. ನಿನ್ನ ಕೇರಿ ಮರಳಿನಡಿ ಇಲ್ಲ. ತಾಮ್ರಪಟದಲ್ಲಿ ರಾಜನ ಹೊಗಳಿಕೆ ಮುಗಿದು ಎಲ್ಲೆ ಶುರುವಾಗುವ ಆ ಕನ್ನಡದ ನಾಲ್ಕು ಸಾಲಿನಲ್ಲಿ ಇರಬಹುದು. ನೆಲ ಯಾರಿಗೆ ಸೇರಬೇಕು ಅಂತ ಹೇಳಿದವನು ರಾಜ. ನೆಲ ಎಲ್ಲಿಂದ ಎಲ್ಲಿಯವರೆಗೆ ಅಂತ ಬಲ್ಲವನು ನಿನ್ನ ಮುತ್ತಾತನಂಥವನು. ಬಲ್ಲವನಿಗೆ ಒಂದು ಗುಂಟೆಯೂ ಉಳಿಯಲಿಲ್ಲ ಅನ್ನುವುದೇ ನಮ್ಮ ಚರಿತ್ರೆ.

*

ಮೈಸೂರಿಗೂ ಅಲ್ಜೀರಿಯಾಕ್ಕೂ ಮರಳಿನ ನಂಟು ಮಾತ್ರ ಅಲ್ಲ, ಇನ್ನೊಂದು ನಂಟೂ ಇದೆ. ಅಲ್ಜೀರಿಯಾದ ಹೋರಾಟದ ಜತೆ ನಿಂತ ಕರಿಯ ವೈದ್ಯ ಫ್ರಾಂಟ್ಸ್ ಫ್ಯಾನನ್ ತುಳಿಯಲ್ಪಟ್ಟವರ ಬಗ್ಗೆ ಬರೆದದ್ದನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳು ಓದಿದರು. 1970ರ ಹೊತ್ತಿಗೆ ಅವರಲ್ಲಿ ಕೆಲವರು ದೇಶಭ್ರಷ್ಟರಾಗಿ ಅಲ್ಜಿಯರ್ಸ್ ನಗರದಲ್ಲೇ ಕಚೇರಿ ತೆರೆದಿದ್ದರು. ಆ ಪ್ಯಾಂಥರುಗಳ ಹೆಸರನ್ನು ಇಟ್ಟುಕೊಂಡು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರು ಹುಟ್ಟಿತು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಮಲವನ್ನು ತಲೆಯ ಮೇಲೆ ಹೊರುವುದು ನಿಲ್ಲಬೇಕು ಅಂತ ಆಜ್ಞೆ ಮಾಡಿದ ಮಂತ್ರಿ ಅವರು. ಗಲಾಟೆಯಾಯಿತು, ದಲಿತ ಹುಡುಗರಿಗೆ ಏಟು ಬಿತ್ತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟಿನಿಂದಲೇ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿಗೆ ನೆಲ ಹದವಾಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು.

ಬಸವಲಿಂಗಪ್ಪನವರು ಸಾಹಿತ್ಯಕ್ಕೆ ಕೇಳಿದ್ದು, ತಲಕಾಡಿನಲ್ಲಿ ನಮ್ಮ ಹುಡುಗ ಮರಳಿಗೆ ಕೇಳಿದ್ದು ಒಂದೇ ಪ್ರಶ್ನೆ. ಇದರಲ್ಲಿ ನಾವೆಲ್ಲಿ? ಕುಳವಾಡಿ ತಲೆಯ ಮೇಲೆ ಮಣ್ಣು ಹೊತ್ತ. ಕೂಲಿ ತಲೆಯ ಮೇಲೆ ಮರಳು ಹೊತ್ತ. ಪೌರಕಾರ್ಮಿಕನ ತಲೆಯ ಮೇಲೆ ಊರಿನ ಹೊಲಸು ಹೊರಿಸಿದರು. ತಲೆ ಇರುವುದು ಯೋಚಿಸಲಿಕ್ಕೆ ಅಂತ ಹೇಳಿಕೊಡುವುದಕ್ಕೆ ಇಷ್ಟು ಕಾಲ ಬೇಕಾಯಿತು.

ಹಾಗಂತ ತಲಕಾಡಿಗೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಗುಡಿಗಳನ್ನು ಮತ್ತೆ ಮರಳಿನಲ್ಲಿ ಮುಚ್ಚಿ ಅಂತಲೂ ಹೇಳುವುದಿಲ್ಲ. ಆ ಕಲ್ಲುಗಳಲ್ಲಿ ನಮ್ಮವರ ಬೆವರಿದೆ, ಅವು ನಮ್ಮವೂ ಹೌದು. ಅಲ್ಜೀರಿಯಾದವರು ರೋಮಿನ ಕಲ್ಲನ್ನು ಒಡೆದು ಹಾಕಲಿಲ್ಲ. ಯಜಮಾನನನ್ನು ಕಳಿಸಿ ಕಲ್ಲನ್ನು ಉಳಿಸಿಕೊಂಡರು. ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಗೈಡು ಹೇಳುವುದು ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿಸಿ: ಇದನ್ನು ಹೊತ್ತವರು ಯಾರು? ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರು?

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಊರಿನ ಹೊಲಗಳ ಹೆಸರು, ಕಟ್ಟೆಯ ಹೆಸರು, ಗಡಿಕಲ್ಲು, ಕೇರಿಯ ಪಕ್ಕದ ಗುರುತಿಲ್ಲದ ಕಲ್ಲು ಇವನ್ನು ಮಕ್ಕಳ ಕೈಲಿ ಬರೆಸಿ. ನೀರಗಂಟಿ, ತೋಟಿ, ತಳವಾರರ ಮನೆಯ ಮುದುಕ ಮುದುಕಿಯರನ್ನು ಕೂರಿಸಿಕೊಂಡು ಕೇಳಿ. ಯಾವ ಕಾಲುವೆ ಯಾರು ತೋಡಿದ್ದು, ಯಾವ ಬಾವಿಗೆ ಯಾರನ್ನು ಬಿಡುತ್ತಿರಲಿಲ್ಲ, ಬಿಟ್ಟಿ ಚಾಕರಿ ಯಾವ ವರ್ಷ ನಿಂತಿತು, ಯಾರು ಮೊದಲು ಇಲ್ಲ ಅಂದರು. ಅವರು ಸತ್ತರೆ ಅದನ್ನು ಅಗೆದು ತೆಗೆಯುವ ಇಲಾಖೆ ಯಾವುದೂ ಇಲ್ಲ. ಒಂದು ನೋಟ್ ಬುಕ್ಕು, ಒಂದು ಪೆನ್ನು ಸಾಕು.

ಪ್ರಶ್ನೆ ಕೇಳಿದ ಹುಡುಗ ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ನಾಲ್ಕು ಪುಟ ಬರೆದುಕೊಂಡು ಬಂದಿದ್ದಾನೆ. ಅಕ್ಷರ ತಪ್ಪುಗಳಿವೆ. ಮೊದಲನೆಯ ಸಾಲು ಅವರ ಕೇರಿಯ ಎಲ್ಲೆ. ಮೂಡಲಿಗೆ ಹುಣಸೆಮರ, ತೆಂಕಲಿಗೆ ಹಳ್ಳ.